ಒಂಬತ್ತು ಮಹಡಿಗೆ ಒಂದೇ ಗ್ರಿಡ್

ಮೂರನೇ ಮಹಡಿಯ ನಕ್ಷೆಯನ್ನು ತೆರೆದಾಗ ಅದರಲ್ಲಿ ಮೆಟ್ಟಿಲುಗಳೇ ಇರಲಿಲ್ಲ. ಲಿಫ್ಟೂ ಇರಲಿಲ್ಲ. ಫ್ಲ್ಯಾಟುಗಳ ನಡುವೆ ಅವು ಇರಬೇಕಾದ ಜಾಗದಲ್ಲಿ ಒಂದು ಸಾಲು ಇಂಗ್ಲಿಷ್ ಅಕ್ಷರಗಳು ಮಾತ್ರ ಇದ್ದವು. ಯಾವುದೋ ಕಂಪ್ಯೂಟರಿನ ಡಿ ಡ್ರೈವು, ಅದರೊಳಗೊಂದು ಫೋಲ್ಡರು, ಅದರೊಳಗೆ ಇನ್ನೊಂದು, ಕೊನೆಗೊಂದು ಫೈಲಿನ ಹೆಸರು. ಆ ಕಂಪ್ಯೂಟರ್ ಬಳಸುತ್ತಿದ್ದ ಆರ್ಕಿಟೆಕ್ಟ್ ಹಿಂದಿನ ವಾರವಷ್ಟೇ ಕೆಲಸ ಬಿಟ್ಟು ದುಬೈಗೆ ಹೋಗಿದ್ದರು. ಅವರ ಕಂಪ್ಯೂಟರನ್ನು ಖಾಲಿ ಮಾಡಿ ಅಕೌಂಟ್ಸಿನವರಿಗೆ ಕೊಟ್ಟಾಗಿತ್ತು. ಅವರು ನೋಡಿಕೊಳ್ಳುತ್ತಿದ್ದ ಕಟ್ಟಡ ನನ್ನ ಪಾಲಿಗೆ ಬಂದಿತ್ತು.

ಕಟ್ಟಡ ರಾಜಧಾನಿಯ ದ್ವಾರಕಾ ಬಡಾವಣೆಯಲ್ಲಿ. ನಿವೃತ್ತ ಸರ್ಕಾರಿ ನೌಕರರೇ ಹೆಚ್ಚಾಗಿದ್ದ ಒಂದು ಹೌಸಿಂಗ್ ಸೊಸೈಟಿಯದು. ಕೆಳಗೆ ಗಾಡಿ ನಿಲ್ಲಿಸುವ ಜಾಗ, ಮೇಲೆ ಒಂಬತ್ತು ಮಹಡಿ, ಮಹಡಿಗೆ ನಾಲ್ಕು ಫ್ಲ್ಯಾಟು. ನಮ್ಮ ಆಫೀಸು ಹೌಜ್ ಖಾಸ್‌ನಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿತ್ತು. ನಾನು ಕೆಲಸ ವಹಿಸಿಕೊಂಡಾಗ ಸೈಟಿನಲ್ಲಿ ಎರಡನೇ ಮಹಡಿಯ ಸ್ಲ್ಯಾಬ್ ಮುಗಿದು ಮೂರನೆಯದಕ್ಕೆ ಹಲಗೆ ಹೊಡೆದು ಕಬ್ಬಿಣ ಕಟ್ಟುತ್ತಿದ್ದರು. ಆ ಸ್ಲ್ಯಾಬಿನ ನಕ್ಷೆಗಳನ್ನು ದುಬೈಗೆ ಹೋದವರು ಹೊರಡುವ ಮೊದಲೇ ಕಳಿಸಿಕೊಟ್ಟಿದ್ದರು. ನನಗೆ ಹೇಳಿದ್ದ ಕೆಲಸ ಸರಳವಾಗಿತ್ತು: ನಾಲ್ಕನೇ ಮಹಡಿಯಿಂದ ಮುಂದಿನ ನಕ್ಷೆಗಳನ್ನು ಹೊತ್ತಿಗೆ ಸರಿಯಾಗಿ ಹೊರಗೆ ಕಳಿಸುವುದು.

ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ, ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಒಂದು ನಕ್ಷೆಯ ಫೈಲಿನಲ್ಲಿ ಇನ್ನೊಂದು ಫೈಲು ಕಾಣುವಂತೆ ಜೋಡಿಸಬಹುದು. ಅದು ನಕಲಲ್ಲ. ಕಿಟಕಿಯ ಗಾಜಿನಿಂದ ಆಚೆ ಮನೆಯನ್ನು ನೋಡಿದ ಹಾಗೆ. ಆಚೆ ಮನೆಯಲ್ಲಿ ಮಂಚ ಸರಿಸಿದರೆ ಈಚೆ ನಿಂತವರಿಗೂ ಸರಿದದ್ದು ಕಾಣುತ್ತದೆ, ರೀಲೋಡ್ ಒತ್ತಿ ಆ ಫೈಲನ್ನು ಮತ್ತೊಮ್ಮೆ ತರಿಸಿಕೊಂಡರೆ ಸಾಕು. ಮೆಟ್ಟಿಲು, ಲಿಫ್ಟು, ಕಂಬಗಳು ಎಲ್ಲ ಮಹಡಿಗೂ ಒಂದೇ ಆದ್ದರಿಂದ ಅವನ್ನು ಒಮ್ಮೆ ಬರೆದು ಎಲ್ಲ ಮಹಡಿಗಳಲ್ಲೂ ಕಾಣುವಂತೆ ಮಾಡಬಹುದು. ಈ ಕೊಂಡಿಗೆ ನಮ್ಮವರು ಎಕ್ಸ್‌ರೆಫ್ ಎನ್ನುತ್ತಾರೆ. ಆದರೆ ಆಚೆ ಮನೆಯ ವಿಳಾಸ ತಪ್ಪಿದರೆ ಕಿಟಕಿಯಲ್ಲಿ ಏನೂ ಕಾಣುವುದಿಲ್ಲ. ನನಗೆ ಆಗಿದ್ದು ಅದೇ.

ಆಫೀಸಿನ ಸರ್ವರಿನಲ್ಲಿ ಹುಡುಕಿದೆ. ಮೆಟ್ಟಿಲಿನ ಫೈಲು ಇತ್ತು, ಆದರೆ ಒಂದಲ್ಲ. ‘ಫೈನಲ್’, ‘ಫೈನಲ್ ಹೊಸದು’, ‘ಇದನ್ನೇ ಬಳಸಿ’ ಎಂಬ ಹೆಸರಿನ ಫೋಲ್ಡರುಗಳಲ್ಲಿ ಒಂದೊಂದು ಇತ್ತು. ಯಾವುದು ಕೊನೆಯದು ಎಂದು ಕೇಳಲು ಈ ಕಟ್ಟಡದ ಕೆಲಸ ಬಲ್ಲವರು ಆಫೀಸಿನಲ್ಲಿ ಉಳಿದಿದ್ದು ಒಬ್ಬರೇ, ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್. ಎಲ್ಲರೂ ಅವರನ್ನು ಭಾಯ್‌ಸಾಬ್ ಎನ್ನುತ್ತಿದ್ದರು. ಟ್ರೇಸಿಂಗ್ ಕಾಗದದ ಕಾಲದಿಂದ ಇದ್ದವರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಎದುರು ಮಾತನಾಡಿದರೆ ಸಹಿಸದ ಮುಖ. ಕ್ಯಾಡನ್ನು ಅವರು ಯಾರಿಂದಲೂ ಕಲಿಯದೆ ತಾವೇ ಕಲಿತಿದ್ದರು, ಅದರ ಹೆಮ್ಮೆಯೂ ಇತ್ತು. ಅವರ ಹಿಂದಿಯನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

“ಯಾವುದೂ ನಂಬಬೇಡಿ ಮೇಡಂ. ನನ್ನ ಫೈಲ್ ತಗೊಳ್ಳಿ. ಅದರಲ್ಲಿ ಎಲ್ಲ ಇದೆ,” ಎಂದರು.

ನಿಜಕ್ಕೂ ಎಲ್ಲ ಇತ್ತು. ಅವರು ಕೊಂಡಿಗಳನ್ನೆಲ್ಲ ಕಡಿದು, ಕಂಬ, ಗೋಡೆ, ಮೆಟ್ಟಿಲು, ಪೈಪು, ಸ್ವಿಚ್ಚು ಎಲ್ಲವನ್ನೂ ಒಂದೇ ಫೈಲಿಗೆ ಸುರಿದಿದ್ದರು. ತೆರೆಯಲು ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಅದು ಯಾವ ದಿನದ ಸ್ಥಿತಿ ಎಂದು ಹೇಳುವ ಗುರುತು ಎಲ್ಲೂ ಇರಲಿಲ್ಲ.

“ಕೊಂಡಿ ಇದ್ದಿದ್ದರೆ ಕಂಬ ಬದಲಾದಾಗ ಇಲ್ಲೂ ಬದಲಾಗುತ್ತಿತ್ತಲ್ಲ, ಭಾಯ್‌ಸಾಬ್,” ಎಂದೆ.

“ಕೊಂಡಿ ಇದ್ದಿದ್ದರಿಂದಲೇ ನಿಮಗೆ ಇವತ್ತು ಮೆಟ್ಟಿಲು ಕಾಣಲಿಲ್ಲ,” ಎಂದು ಅವರು ತಮ್ಮ ಪರದೆಯತ್ತ ತಿರುಗಿದರು.

ಮುಂದಿನ ಒಂದೆರಡು ದಿನ ಹರಿದ ಕೊಂಡಿಗಳನ್ನು ಒಂದೊಂದಾಗಿ ಸರ್ವರಿನ ಫೈಲುಗಳಿಗೆ ಕಟ್ಟಿದೆ. ಯಾವ ಮೆಟ್ಟಿಲು ಸರಿ ಎಂದು ತಿಳಿಯಲು ನನಗೆ ಹೊಳೆದ ಉಪಾಯವೆಂದರೆ ಕಟ್ಟಿ ಮುಗಿದಿರುವುದರ ಜೊತೆ ಹೋಲಿಸುವುದು. ಎರಡನೇ ಮಹಡಿಯ ನಕ್ಷೆಯನ್ನು ಕೆಂಪು ಬಣ್ಣಕ್ಕೆ ತಿರುಗಿಸಿ ಮೂರನೆಯದರ ಕೆಳಗೆ ಹಾಸಿದೆ. ಮೂರನೆಯದು ಹಸಿರು. ಗ್ರಿಡ್ ಗೆರೆಗಳು, ಅಂದರೆ ಇಡೀ ಕಟ್ಟಡವನ್ನು ಅಳೆಯಲು ಉದ್ದಕ್ಕೂ ಅಡ್ಡಕ್ಕೂ ಎಳೆದಿರುವ ಆಧಾರದ ಗೆರೆಗಳು, ಒಂದರ ಮೇಲೊಂದು ಸರಿಯಾಗಿ ಕೂತವು. ಹೊರಗೋಡೆಗಳೂ ಕೂತವು. ಲಿಫ್ಟಿನ ಗೋಡೆ ಮಾತ್ರ ಜೋಡಿ ಗೆರೆಯಾಗಿ ಕಂಡಿತು. ಪಕ್ಕದಲ್ಲಿ ಕೆಂಪು, ಅದರ ಪಕ್ಕದಲ್ಲಿ ಹಸಿರು. ಶೌಚಾಲಯದ ಪೈಪು ಇಳಿಯಲು ಸ್ಲ್ಯಾಬಿನಲ್ಲಿ ಬಿಡುವ ಕಿಂಡಿಗಳೂ ಹಾಗೆಯೇ. ಅಳೆದೆ. ಎಲ್ಲ ಕಡೆ ಎಪ್ಪತ್ತೈದು ಮಿಲಿಮೀಟರ್, ಎಲ್ಲ ಕಡೆ ಪೂರ್ವಕ್ಕೆ.

ಎಪ್ಪತ್ತೈದು ಮಿಲಿಮೀಟರ್ ಎಂದರೆ ಮೂರು ಇಂಚು. ಗೋಡೆಯಾದರೆ ಹೇಗೋ ಸುಧಾರಿಸಬಹುದು. ಲಿಫ್ಟಿನ ಬಾವಿ ಒಂದು ಮಹಡಿಯಲ್ಲಿ ಮೂರು ಇಂಚು ಜರುಗಿದರೆ ಆ ಬಾವಿಯಲ್ಲಿ ಲಿಫ್ಟು ಇಳಿಯುವುದಿಲ್ಲ. ಪೈಪಿನ ಕಿಂಡಿ ಮೂರು ಇಂಚು ಜರುಗಿದರೆ ಬೀಮಿನ ಅಂಚನ್ನು ಕಡಿಯುತ್ತದೆ. ಮೂರನೇ ಮಹಡಿಯ ಸ್ಲ್ಯಾಬಿಗೆ ಈ ನಕ್ಷೆಯೇ ಸೈಟಿನ ಕೈಯಲ್ಲಿತ್ತು. ಕಾಂಕ್ರೀಟು ಹಾಕುವುದು ಮಾರನೇ ದಿನ ಬೆಳಿಗ್ಗೆಗೆ ನಿಗದಿಯಾಗಿತ್ತು.

ಭಾಯ್‌ಸಾಬರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

“ಮೂರನೇ ಮಹಡಿಯಿಂದ ಕಾಲಂ ಸಣ್ಣದಾಗುತ್ತೆ ಮೇಡಂ. ಗೆರೆ ಹೊಂದಲ್ಲ. ಅದು ಎಲ್ಲರಿಗೂ ಗೊತ್ತು.”

“ಕಾಲಂ ಸಣ್ಣದಾದರೆ ಎರಡೂ ಕಡೆ ಒಳಗೆ ಬರಬೇಕು. ಇದು ಒಂದೇ ಕಡೆಗೆ ಸರಿದಿದೆ. ಲಿಫ್ಟ್ ಯಾಕೆ ಸರಿಯಬೇಕು?”

ಅವರು ಕನ್ನಡಕ ಕೆಳಗಿಳಿಸಿದರು. “ಸರ್ ಬರಲಿ,” ಎಂದರು.

ಸರ್ ಎಂದರೆ ಆಫೀಸಿನ ಮುಖ್ಯ ಆರ್ಕಿಟೆಕ್ಟ್. ಅವರು ಚಂಡೀಗಢದಲ್ಲಿ ಯಾವುದೋ ಮೀಟಿಂಗಿನಲ್ಲಿದ್ದರು. ಮೊಬೈಲ್ ಬಂದ್. ಮತ್ತೆ ಮತ್ತೆ ಪ್ರಯತ್ನಿಸಿದೆ, ಸಿಗಲಿಲ್ಲ. ಎರಡು ನಕ್ಷೆಗಳಲ್ಲಿ ತಪ್ಪು ಯಾವುದರದು ಎಂಬ ಖಾತ್ರಿಯೂ ನನಗಿರಲಿಲ್ಲ. ಅದನ್ನು ಹೇಳಬಲ್ಲವರು ಕಂಬ, ಬೀಮುಗಳ ಲೆಕ್ಕ ಹಾಕಿದ್ದ ಸ್ಟ್ರಕ್ಚರಲ್ ಎಂಜಿನಿಯರ್ ಮಾತ್ರ. ಫೈಲುಗಳನ್ನು ಸಿಡಿಗೆ ಹಾಕಿಕೊಂಡು ಆಟೋ ಹಿಡಿದು ಓಖ್ಲಾಗೆ ಹೋದೆ.

ಅವರ ಆಫೀಸು ಬಟ್ಟೆ ಹೊಲಿಯುವ ಕಾರ್ಖಾನೆಯೊಂದರ ಮೇಲಿತ್ತು. ಕೆಳಗಿನ ಹೊಲಿಗೆ ಯಂತ್ರಗಳ ಸದ್ದು ನೆಲದೊಳಗಿಂದ ಬರುವಂತೆ ಕೇಳುತ್ತಿತ್ತು. ಹಿಂದೆ ಫೋನಿನಲ್ಲಿ ಎರಡು ಬಾರಿ ಮಾತಾಡಿದ್ದೆ, ಇಂಗ್ಲಿಷಿನಲ್ಲಿ. ಎದುರಿಗೆ ಕೂತು ನನ್ನ ಹೆಸರು ಕೇಳಿದವರೇ ಕನ್ನಡಕ್ಕೆ ತಿರುಗಿದರು.

“ಯಾವೂರಮ್ಮಾ?”

“ಚಿತ್ರದುರ್ಗ ಸರ್.”

“ನಮ್ಮದು ತುಮಕೂರು. ಇಷ್ಟು ದಿನ ಹೇಳಲೇ ಇಲ್ಲವಲ್ಲ. ಏನಾಯ್ತು, ಹೇಳಿ.”

ಸಿಡಿ ಹಾಕಿ ತೋರಿಸಿದೆ. ಊರಿನ ಮಾತು ಅಲ್ಲಿಗೆ ನಿಂತಿತು. ಅವರ ಮುಖ ಬಿಗಿಯಾಯಿತು.

“ನೋಡಮ್ಮಾ, ನನ್ನ ಡ್ರಾಯಿಂಗ್‌ನಲ್ಲಿ ತಪ್ಪಿಲ್ಲ. ಗ್ರಿಡ್‌ನಿಂದ ಕಾಲಂಗೆ ಎಷ್ಟು ಅಂತ ನಾನು ಅಳತೆ ಕೊಟ್ಟಿದ್ದೀನಿ. ನಿಮ್ಮ ಆಫೀಸ್‌ನವರು ಅದನ್ನ ಎಲ್ಲಿ ಅಂಟಿಸಿಕೊಂಡ್ರೋ ನನಗೆ ಹೇಗೆ ಗೊತ್ತಾಗ್ಬೇಕು?”

“ನಿಮ್ಮ ಫೈಲಿನ ಸೊನ್ನೆ ಎಲ್ಲಿದೆ ಸರ್?”

ಸೊನ್ನೆ ಎಂದರೆ ನಕ್ಷೆಯ ಎಲ್ಲ ಅಳತೆ ಶುರುವಾಗುವ ಬಿಂದು. ಅವರ ಫೈಲಿನಲ್ಲಿ ಅದು ಕಾಗದದ ಎಡ ಮೂಲೆಯಲ್ಲಿತ್ತು. ನಮ್ಮದರಲ್ಲಿ ಸೈಟಿನ ಗಡಿಗಲ್ಲಿನಲ್ಲಿ. ಹಾಗಾಗಿ ಅವರ ನಕ್ಷೆಯನ್ನು ನಮ್ಮದರ ಕೆಳಗೆ ಹಾಸಿದಾಗ ಅದು ಎಲ್ಲೋ ದೂರ ಹೋಗಿ ಬೀಳುತ್ತಿತ್ತು. ಪ್ರತಿ ಸಲವೂ ಅದನ್ನು ಕೈಯಿಂದ ಎಳೆದು ತಂದು ಕೂರಿಸಬೇಕಿತ್ತು. ದುಬೈಗೆ ಹೋದವರು ಮೂಲೆಯ ಕಂಬದ ತುದಿಯನ್ನು ಹಿಡಿದು ನಮ್ಮ ನಕ್ಷೆಯಲ್ಲಿದ್ದ ಹಳೆಯ ಕಂಬದ ತುದಿಗೆ ತಾಗಿಸುತ್ತಿದ್ದರು. ಎರಡನೇ ಮಹಡಿಯವರೆಗೆ ಅದು ಸರಿಯಾಗಿ ಕೂತಿತ್ತು.

ಎಂಜಿನಿಯರ್ ಪೆನ್ಸಿಲ್ ತೆಗೆದು ಕಾಗದದ ಮೇಲೆ ಒಂದು ಕಂಬ ಬರೆದರು. ಕೆಳಗಿನ ಮಹಡಿಗಳಲ್ಲಿ ಏಳುನೂರ ಐವತ್ತು ಉದ್ದ. ಅದರೊಳಗೆ ಇನ್ನೊಂದು ಬರೆದರು, ಮೂರನೇ ಮಹಡಿಯಿಂದ ಮೇಲೆ ಆರುನೂರು.

“ನೂರೈವತ್ತು ಕಡಿಮೆ ಮಾಡಿದೆ. ಆ ಕಡೆ ಎಪ್ಪತ್ತೈದು, ಈ ಕಡೆ ಎಪ್ಪತ್ತೈದು. ನೀವು ನಡುಗೆರೆ ಹಿಡಿಯೋದು ಬಿಟ್ಟು ತುದಿ ಹಿಡಿದು ಎಳೆದಿದ್ದೀರಿ. ಅದರ ಜೊತೆ ಇಡೀ ನಕ್ಷೆ ಎಪ್ಪತ್ತೈದು ಪೂರ್ವಕ್ಕೆ ಬಂದುಬಿಟ್ಟಿದೆ.”

ಅದರ ನಂತರ ಆಗಿದ್ದನ್ನು ನಾನೇ ಊಹಿಸಿಕೊಂಡೆ. ಜರುಗಿದ ಕಂಬಗಳನ್ನು ನೋಡಿದ ಯಾರೋ, ಅವಕ್ಕೆ ಹೊಂದಿಸಲು ಲಿಫ್ಟನ್ನೂ ಕಿಂಡಿಗಳನ್ನೂ ಸರಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಸರಿಸಿದ್ದರು. ಅದಕ್ಕೇ ನಕ್ಷೆ ನೋಡಿದವರ ಕಣ್ಣಿಗೆ ಏನೂ ತಪ್ಪಾಗಿ ಕಾಣುತ್ತಿರಲಿಲ್ಲ.

ಅಲ್ಲಿಂದಲೇ ಸೈಟ್ ಎಂಜಿನಿಯರಿಗೆ ಫೋನ್ ಮಾಡಿ ನಾಳೆಯ ಕಾಂಕ್ರೀಟು ನಿಲ್ಲಿಸಲು ಹೇಳಿದೆ.

“ಮೇಡಂ, ಕಿಂಡಿಗೆ ಇಟ್ಟ ಮರದ ಪೆಟ್ಟಿಗೆಗಳನ್ನೆಲ್ಲ ನಾನೇ ಅಳೆದಿದ್ದೀನಿ. ನಿಮ್ಮ ಡ್ರಾಯಿಂಗ್‌ಗೆ ಸರಿಯಾಗಿದೆ,” ಎಂದರು.

“ಡ್ರಾಯಿಂಗೇ ತಪ್ಪಿದೆ.”

ಅತ್ತ ಕಡೆ ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು. “ಹಾಗಿದ್ದರೆ ಲಿಖಿತವಾಗಿ ಕೊಡಿ. ಬಾಯಿಮಾತಿಗೆ ನಾನು ನಿಲ್ಲಿಸೋಕಾಗಲ್ಲ. ಸೊಸೈಟಿಯವರೆಲ್ಲ ನಾಳೆ ತೆಂಗಿನಕಾಯಿ ಒಡೆಯೋಕೆ ಬರ್ತಿದ್ದಾರೆ.”

ಆಫೀಸಿನ ಪರವಾಗಿ ಸಹಿ ಹಾಕುವ ಅಧಿಕಾರ ನನಗಿರಲಿಲ್ಲ. ಸೈಟಿಗೆ ಹೋಗುವ ಕಾಗದಗಳಿಗೆಲ್ಲ ಸರ್ ಒಬ್ಬರೇ ಸಹಿ ಹಾಕುತ್ತಿದ್ದರು. ಇನ್ನೊಮ್ಮೆ ಅವರ ನಂಬರ್ ಒತ್ತಿದೆ, ಬಂದ್. ಎದುರಿಗಿದ್ದ ಎಂಜಿನಿಯರ್ ಕಡೆ ನೋಡಿದೆ.

“ನನ್ನ ಡ್ರಾಯಿಂಗ್ ಸರಿ ಇರುವಾಗ ನಾನು ಹೇಗಮ್ಮಾ ನಿಲ್ಲಿಸು ಅಂತ ಬರೆಯೋದು? ಅದು ನಿಮ್ಮ ಆಫೀಸಿನ ತೀರ್ಮಾನ,” ಎಂದರು. ಆಮೇಲೆ ಒಂದು ಖಾಲಿ ಹಾಳೆಯನ್ನು ನನ್ನ ಮುಂದೆ ಸರಿಸಿ, “ಫ್ಯಾಕ್ಸ್ ಬೇಕಾದ್ರೆ ಅಲ್ಲಿದೆ,” ಎಂದರು.

ಹಾಳೆಯ ಮುಂದೆ ಕೂತೆ. ನಾನು ಹೇಳುತ್ತಿರುವುದು ತಪ್ಪಾಗಿದ್ದರೆ ಏನಾಗುತ್ತದೆ ಎಂಬುದು ಸ್ಪಷ್ಟವಾಗಿತ್ತು. ಈ ಆಫೀಸಿನಲ್ಲಿ ನನ್ನ ಕೆಲಸ ಮುಗಿದ ಹಾಗೆ. ಸರಿಯಾಗಿದ್ದೂ ಸುಮ್ಮನಿದ್ದರೆ ಏನಾಗುತ್ತದೆ ಎಂಬುದೂ ಅಷ್ಟೇ ಸ್ಪಷ್ಟವಿತ್ತು. ಒಮ್ಮೆ ಗಟ್ಟಿಯಾದ ಕಾಂಕ್ರೀಟನ್ನು ರೀಲೋಡ್ ಮಾಡಲು ಬರುವುದಿಲ್ಲ. ಮೂರು ಸಾಲು ಬರೆದು, ನನ್ನ ಹೆಸರು ಹಾಕಿ, ಸಹಿ ಮಾಡಿ ಕಳಿಸಿದೆ. ಯಂತ್ರ ಹಾಳೆಯನ್ನು ನಿಧಾನವಾಗಿ ಒಳಗೆಳೆದುಕೊಂಡಿತು.

ಮಾರನೇ ಬೆಳಿಗ್ಗೆ ಬಸ್ಸಿನಲ್ಲಿ ಕನಾಟ್ ಪ್ಲೇಸಿಗೆ ಹೋಗಿ ಅಲ್ಲಿಂದ ಮೆಟ್ರೊ ಹಿಡಿದು ದ್ವಾರಕಾ ಸೇರಿದೆ. ಆ ಕಡೆಗೆ ಮೆಟ್ರೊ ಬಂದು ಹೆಚ್ಚು ದಿನವಾಗಿರಲಿಲ್ಲ. ಸ್ಟೇಷನ್ನಿನ ಹೊರಗೆ ಇನ್ನೂ ಬರಿಯ ಧೂಳು, ಸೈಕಲ್ ರಿಕ್ಷಾಗಳು. ಸೈಟಿನ ಗೇಟಿನ ಬಳಿ ಸೊಸೈಟಿಯ ಕಾರ್ಯದರ್ಶಿ ನಿಂತಿದ್ದರು. ಯಾವುದೋ ಮಂತ್ರಾಲಯದಲ್ಲಿದ್ದು ನಿವೃತ್ತರಾದವರು, ಬಿಸಿಲಿಗೆ ಕೊಡೆ ಹಿಡಿದಿದ್ದರು. ಜೊತೆಗೆ ಬಂದಿದ್ದ ಸದಸ್ಯರು ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು.

“ನಿಲ್ಲಿಸಿದ್ದು ನೀವೇನಾ?” ಎಂದು ಕಾರ್ಯದರ್ಶಿ ಕೇಳಿದರು.

“ಹೌದು ಸರ್.”

“ಬೇಟಿ, ಇಲ್ಲಿ ಕೂತವರೆಲ್ಲ ಬಾಡಿಗೆ ಮನೆಯಲ್ಲೇ ನಿವೃತ್ತರಾದವರು. ನಮಗೆ ತಡ ಅನ್ನೋದು ನಿಮ್ಮ ವಯಸ್ಸಿನವರಿಗೆ ಆಗೋ ಹಾಗಲ್ಲ. ಕಾರಣ ಗಟ್ಟಿಯಾಗಿದ್ದರೆ ಒಳ್ಳೆಯದು.”

ಕೋಪದಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ಸೈಟ್ ಎಂಜಿನಿಯರೊಂದಿಗೆ ಮೇಲೆ ಹತ್ತಿದೆ. ಕಾರ್ಯದರ್ಶಿಯೂ ಕೊಡೆ ಮಡಿಸಿ ಹಿಂದೆಯೇ ಬಂದರು. ಮೂರನೇ ಮಹಡಿಯಲ್ಲಿ ಕಬ್ಬಿಣದ ಬಲೆ ಪೂರ್ತಿ ಕಟ್ಟಿ ಮುಗಿದಿತ್ತು, ಅದರ ನಡುವೆ ಕಿಂಡಿಗಳಿಗಾಗಿ ಇಟ್ಟ ಮರದ ಪೆಟ್ಟಿಗೆಗಳು. ಶೌಚಾಲಯದ ಒಂದು ಪೆಟ್ಟಿಗೆಯ ಗೋಡೆಗೆ ಒತ್ತಿ ದಾರ ಹಿಡಿದು ತೂಗುಗುಂಡನ್ನು ಕೆಳಗೆ ಬಿಡಲು ಹೇಳಿದೆ. ನಾವು ಎರಡನೇ ಮಹಡಿಗೆ ಇಳಿದು ನೋಡಿದೆವು. ಗುಂಡು ಅಲ್ಲಿನ ಕಿಂಡಿಯ ಅಂಚಿನಗುಂಟ ಇಳಿದು ಕೆಳಗಿನ ಮಹಡಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕಿಂಡಿಯ ಪಕ್ಕದ ಗಟ್ಟಿ ಕಾಂಕ್ರೀಟಿನ ಮೇಲೆ ಬಂದು ಕೂತಿತು. ಸೈಟ್ ಎಂಜಿನಿಯರ್ ಕುಕ್ಕರಗಾಲಿನಲ್ಲಿ ಕೂತು ಟೇಪು ಹಿಡಿದರು.

“ಪಚ್ಚತ್ತರ್,” ಎಂದರು. ಎಪ್ಪತ್ತೈದು. ಆಮೇಲೆ ಮೆಲ್ಲಗೆ, “ಅಚ್ಛಾ.”

ಲಿಫ್ಟಿನ ತೆರಪಿನಲ್ಲೂ ದಾರ ಬಿಟ್ಟೆವು. ಅದೇ ಅಳತೆ. ಅಷ್ಟರಲ್ಲಿ ಹಿಂದೆ ಏದುಸಿರು ಕೇಳಿತು. ಓಖ್ಲಾದ ಎಂಜಿನಿಯರ್ ಮೆಟ್ಟಿಲು ಹತ್ತಿ ಬಂದಿದ್ದರು. ಬರುತ್ತೇನೆ ಎಂದು ಹೇಳಿರಲಿಲ್ಲ. ನನ್ನೊಡನೆ ಮಾತಾಡದೆ ನೇರವಾಗಿ ಮೇಲಕ್ಕೆ ಹೋಗಿ, ಪೆಟ್ಟಿಗೆಗಳನ್ನು ಸರಿಸಿದರೆ ಯಾವ ಸರಳುಗಳನ್ನು ಬಿಚ್ಚಿ ಕಟ್ಟಬೇಕು ಎಂದು ಸೈಟಿನವರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟರು. ಕಾರ್ಯದರ್ಶಿ ಇದನ್ನೆಲ್ಲ ನೋಡುತ್ತ ನಿಂತಿದ್ದು, ಕೊನೆಗೆ ಕೆಳಗಿಳಿದು ಸದಸ್ಯರಿಗೆ ಏನೋ ಹೇಳಿದರು. ಯಾರೂ ಗಲಾಟೆ ಮಾಡಲಿಲ್ಲ. ತಂದಿದ್ದ ಬೂಂದಿ ಲಾಡುವನ್ನು ಕೆಲಸಗಾರರಿಗೆ ಹಂಚಿ ಮನೆಗೆ ಹೋದರು.

ಮಧ್ಯಾಹ್ನ ಸರ್ ಫೋನಿನಲ್ಲಿ ಸಿಕ್ಕರು. ಎಲ್ಲ ಹೇಳಿದೆ, ಸಹಿ ಹಾಕಿದ್ದನ್ನೂ ಹೇಳಿದೆ.

“ಇನ್ನು ಮುಂದೆ ನನ್ನ ಮೊಬೈಲ್ ಆನ್ ಇರುತ್ತೆ,” ಎಂದರು. “ಈಗ ಏನು ಮಾಡಬೇಕು ಅಂತೀರಿ?”

“ಮೂರನೆಯದನ್ನು ಸರಿ ಮಾಡಿದರೆ ಸಾಲದು ಸರ್. ಒಂಬತ್ತನೆಯದರವರೆಗೂ ಇದೇ ಫೈಲಿನ ನಕಲು ಇದೆ. ಎಲ್ಲವನ್ನೂ ಬಿಚ್ಚಿ ಮೊದಲಿಂದ ಜೋಡಿಸಬೇಕು. ಅಲ್ಲಿಯವರೆಗೆ ಒಂದು ಹಾಳೆಯೂ ಆಫೀಸಿನಿಂದ ಹೊರಗೆ ಹೋಗಬಾರದು.”

“ಸೈಟ್ ಕಾಯಲ್ಲ.”

“ಕಿಂಡಿಗಳನ್ನು ಸರಿಸಿ ಸ್ಲ್ಯಾಬ್ ಹಾಕುವವರೆಗೆ ಕಾಯುತ್ತೆ.”

“ಹಾಗಾದರೆ ಅಷ್ಟೇ ಸಮಯ ನಿಮಗೆ,” ಎಂದರು. “ನಾಲ್ಕನೇ ಮಹಡಿ ಹೊಸ ಫೈಲಿನಿಂದ ಹೋಗಲಿ.”

ಕೆಲಸ ಶುರು ಮಾಡಿದೆ. ಎಲ್ಲಕ್ಕಿಂತ ಮೊದಲು ಗ್ರಿಡ್. ಬೇರೇನೂ ಇಲ್ಲದ, ಆಧಾರದ ಗೆರೆಗಳು ಮಾತ್ರ ಇರುವ ಒಂದು ಫೈಲು. ಮೊದಲ ಎರಡು ಗೆರೆಗಳು ಕೂಡುವ ಬಿಂದುವೇ ಸೊನ್ನೆ. ಓಖ್ಲಾಗೆ ಫೋನ್ ಮಾಡಿ, ನಿಮ್ಮ ಫೈಲುಗಳನ್ನೂ ಈ ಸೊನ್ನೆಗೆ ತರಲು ಆಗುತ್ತದೆಯೇ ಎಂದು ಕೇಳಿದೆ. “ನಿಮ್ಮ ಸೊನ್ನೆಗೆ ನಾವ್ಯಾಕೆ ಬರಬೇಕು?” ಎಂದು ಎಂಜಿನಿಯರ್ ಮೊದಲು ಗೊಣಗಿದರು. ಅದು ನಮ್ಮದೂ ಅಲ್ಲ, ನಿಮ್ಮದೂ ಅಲ್ಲ, ಇಬ್ಬರೂ ಜಾಗ ಬಿಡುತ್ತಿದ್ದೇವೆ ಎಂದೆ. “ಹಾಗಾದ್ರೆ ಸರಿ. ಆದ್ರೆ ಒಂದು ಮಾತು. ನಾನು ಕಳಿಸಿದ್ದನ್ನ ಇನ್ಮೇಲೆ ಯಾರೂ ಕೈಯಿಂದ ಎಳೀಬಾರ್ದು. ಸೊನ್ನೆಗೆ ಸೊನ್ನೆ ಕೂರ್ಬೇಕು, ಕೂರದಿದ್ರೆ ನನಗೆ ಫೋನ್ ಮಾಡ್ಬೇಕು.” ಒಪ್ಪಿದೆ.

ಆಮೇಲೆ ಮೆಟ್ಟಿಲು, ಲಿಫ್ಟು, ಪೈಪಿನ ಬಾವಿಗಳದೊಂದು ಫೈಲು. ಫ್ಲ್ಯಾಟುಗಳು ಎರಡೇ ಬಗೆಯವು, ಉಳಿದೆರಡು ಅವುಗಳ ಕನ್ನಡಿ ಬಿಂಬ. ಆದ್ದರಿಂದ ಫ್ಲ್ಯಾಟಿಗೆ ಎರಡು ಫೈಲು ಸಾಕು. ಮಹಡಿಯ ಫೈಲಿನಲ್ಲಿ ಹೊಸದಾಗಿ ಏನನ್ನೂ ಬರೆಯುವ ಹಾಗಿಲ್ಲ, ಇವನ್ನೆಲ್ಲ ಜೋಡಿಸಿ ತೋರಿಸುವುದಷ್ಟೇ ಅದರ ಕೆಲಸ. ವಿಳಾಸಗಳೆಲ್ಲ ಸರ್ವರಿನ ಒಂದೇ ಫೋಲ್ಡರಿನೊಳಗೆ ಇರಬೇಕು, ಯಾರ ಸ್ವಂತ ಕಂಪ್ಯೂಟರಿನ ಡ್ರೈವಿನ ಹೆಸರೂ ಅದರಲ್ಲಿ ಬರಕೂಡದು.

ಹೇಳುವಾಗ ಸಲೀಸು. ಮೊದಲ ಬಾರಿ ಜೋಡಿಸಿದಾಗ ಫೈಲುಗಳು ಒಂದನ್ನೊಂದು ಕರೆಯತೊಡಗಿದವು. ಫ್ಲ್ಯಾಟಿನ ಫೈಲು ಮೆಟ್ಟಿಲನ್ನು ತೋರಿಸುತ್ತಿತ್ತು, ಮೆಟ್ಟಿಲಿನ ಫೈಲಿನಲ್ಲಿ ಯಾರೋ ಹಿಂದೆ ಫ್ಲ್ಯಾಟನ್ನು ಜೋಡಿಸಿಟ್ಟಿದ್ದರು. ಎರಡು ಕನ್ನಡಿಗಳನ್ನು ಎದುರುಬದುರು ಇಟ್ಟ ಹಾಗಾಗಿ ಕಂಪ್ಯೂಟರು ಎಚ್ಚರಿಕೆ ಕೊಟ್ಟು ನಿಂತುಬಿಡುತ್ತಿತ್ತು. ಯಾವುದು ಯಾವುದನ್ನು ಕರೆಯಬಹುದು ಎಂದು ಒಂದು ಬಿಳಿ ಹಲಗೆಯ ಮೇಲೆ ಬಾಣ ಹಾಕಿ ಬರೆದು, ಮೇಲಿನಿಂದ ಕೆಳಕ್ಕೆ ಮಾತ್ರ, ಎಂದು ನಿಯಮ ಮಾಡಿದೆ. ಅದು ಸರಿಹೋಯಿತು ಎನ್ನುವಾಗ ಪರೀಕ್ಷೆಗೆ ತೆಗೆದ ಪ್ರಿಂಟಿನಲ್ಲಿ ಕನ್ನಡಿ ಬಿಂಬದ ಫ್ಲ್ಯಾಟುಗಳ ಕೋಣೆಗಳ ಹೆಸರುಗಳೆಲ್ಲ ತಿರುವುಮುರುವಾಗಿ ಬಂದವು. ಅಡುಗೆಮನೆಯ ಹೆಸರನ್ನು ಹಾಳೆಯ ಹಿಂಬದಿಯಿಂದ ಬೆಳಕಿಗೆ ಹಿಡಿದು ಓದಬೇಕಿತ್ತು. ಗೋಡೆಗಳೊಂದು ಫೈಲು, ಹೆಸರುಗಳೊಂದು ಫೈಲು ಎಂದು ಮತ್ತೆ ಬಿಡಿಸಿದೆ.

ಇದೆಲ್ಲ ಕಂಪ್ಯೂಟರಿನ ತೊಡಕು, ಕೂತರೆ ಬಗೆಹರಿಯುವಂಥದು. ಭಾಯ್‌ಸಾಬ್ ಬಗೆಹರಿಯಲಿಲ್ಲ. ಒಂದು ದಿನ ಊಟ ಮುಗಿಸಿ ಬಂದು ನೋಡಿದರೆ ನಾಲ್ಕನೇ ಮಹಡಿಯ ಫೈಲಿನ ಕೊಂಡಿಗಳೆಲ್ಲ ಮಾಯ. ಅವರು ಎಂದಿನಂತೆ ಕಡಿದು ಒಂದೇ ಫೈಲು ಮಾಡಿ ಅದೇ ಹೆಸರಿನಲ್ಲಿ ಉಳಿಸಿದ್ದರು. ಎರಡು ದಿನದ ಜೋಡಣೆ ಹೋಯಿತು. ಸಿಟ್ಟಿನಿಂದ ಅವರ ಮೇಜಿನವರೆಗೆ ಹೋದವಳು, ಅವರ ಮುಖ ನೋಡಿ ಕುರ್ಚಿ ಎಳೆದುಕೊಂಡು ಕೂತೆ. ಅವರು ಜಗಳಕ್ಕೆ ಸಿದ್ಧರಾಗಿಯೇ ಕೂತಿದ್ದರು.

“ಭಾಯ್‌ಸಾಬ್, ಕೊಂಡಿಯೆಂದರೆ ನಿಮಗೇಕೆ ಇಷ್ಟು ಭಯ?”

“ಭಯ ಅಲ್ಲ.” ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. “ಹಿಂದಿನ ಆಫೀಸಿನಲ್ಲಿ ಒಂದು ಸ್ಕೂಲ್ ಕಟ್ಟಡ. ಪ್ರಿಂಟ್ ತೆಗೆಯೋ ದಿನ ಸರ್ವರ್ ಕೈಕೊಟ್ಟಿತ್ತು. ಕೊಂಡಿ ಬಿಟ್ಟುಹೋಗಿ ಒಂದು ಸಾಲು ಕಾಲಂ ಬರಲೇ ಇಲ್ಲ. ಪ್ಲಾಟರ್ ಏನು ಹೇಳುತ್ತೆ? ಇದ್ದಿದ್ದನ್ನ ಬರೆಯುತ್ತೆ. ಇಲ್ಲದ್ದು ಕಾಗದದಲ್ಲಿ ಖಾಲಿ ಜಾಗ, ಅಷ್ಟೇ. ಖಾಲಿ ಜಾಗ ನೋಡಿ ಯಾರಿಗೆ ಅನುಮಾನ ಬರುತ್ತೆ? ಆ ಹಾಳೆ ಸೈಟಿಗೆ ಹೋಯಿತು. ಕೆಳಗೆ ‘ಬರೆದವರು’ ಅಂತ ನನ್ನ ಹೆಸರಿತ್ತು.”

ನನ್ನ ಸಿಟ್ಟು ಇಳಿಯಿತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಈ ಆಫೀಸಿನಲ್ಲಿ ಮೊದಲು ನೋಡಿದ್ದೂ ಅಂಥದೇ ಖಾಲಿ ಜಾಗ. ಆದರೆ ಅವರ ದಾರಿಯಲ್ಲಿ ಹೋಗಿಯೇ ಮೂರನೇ ಮಹಡಿ ಜರುಗಿತ್ತು. ಎಲ್ಲರ ಬಳಿಯೂ ಒಂದೊಂದು ಪೂರ್ತಿ ನಕಲಿತ್ತು, ಯಾವುದು ಯಾವುದಕ್ಕೂ ಹೊಂದುತ್ತಿರಲಿಲ್ಲ.

ಅವತ್ತು ಸಂಜೆಯವರೆಗೆ ಯೋಚಿಸಿ ಮಾರನೇ ದಿನ ಅವರ ಬಳಿ ಹೋದೆ.

“ಗ್ರಿಡ್ ಮತ್ತು ಮೆಟ್ಟಿಲು-ಲಿಫ್ಟಿನ ಫೈಲು, ಎರಡೂ ನಿಮ್ಮ ಸುಪರ್ದಿಗೆ. ಬರೆಯೋ ಹಕ್ಕು ನಿಮಗೊಬ್ಬರಿಗೇ. ಉಳಿದವರು ನೋಡಬಹುದು, ಮುಟ್ಟೋ ಹಾಗಿಲ್ಲ.”

“ನೀವು?”

“ನಾನೂ ಮುಟ್ಟೋ ಹಾಗಿಲ್ಲ.”

“ಸರ್?”

“ಅವರೂ ನಿಮ್ಮನ್ನೇ ಕೇಳಬೇಕು.”

ನಾನು ಅವರನ್ನು ನೋಡಿದ ದಿನದಿಂದ ಮೊದಲ ಬಾರಿಗೆ ಅವರು ನಕ್ಕರು. ತಕ್ಷಣ ಗಂಭೀರರಾಗಿ, “ನನ್ನದೊಂದು ಶರತ್ತು ಇದೆ,” ಎಂದರು. “ಕೆಲಸ ಮಾಡುವಾಗ ಕೊಂಡಿ ಇರಲಿ. ಆದರೆ ಸೈಟಿಗೆ ಹಾಳೆ ಹೋಗೋ ದಿನ, ಅವತ್ತಿನ ನಕ್ಷೆಯನ್ನ ಕೊಂಡಿ ಕಡಿದು ಒಂದೇ ಫೈಲು ಮಾಡಿ ಸಿಡಿಗೆ ಹಾಕಿ ಇಡಬೇಕು. ಪ್ರಿಂಟ್ ಅದರಿಂದಲೇ. ಏನು ಕಳಿಸಿದೆವು ಅನ್ನೋದಕ್ಕೆ ಸಾಕ್ಷಿ ಬೇಕು.”

ಯೋಚಿಸಬೇಕಾದ್ದೇ ಇರಲಿಲ್ಲ. ನನ್ನ ಜೋಡಣೆಯಲ್ಲಿ ಇಲ್ಲದಿದ್ದ ಭಾಗ ಅದು. ನಾನು ಫೈಲುಗಳನ್ನು ಬದಲಾಗಲು ಬಿಟ್ಟಿದ್ದೆ, ಕಳಿಸಿದ ದಿನದ್ದು ಬದಲಾಗದೆ ಉಳಿಯುವಂತೆ ಮಾಡಿರಲಿಲ್ಲ. ಹೂಂ ಎಂದೆ. ಸರ್ವರಿನಲ್ಲಿ ಅವರ ಹೆಸರಿಗೆ ಮಾತ್ರ ತೆರೆಯುವ ಹಾಗೆ ಆ ಎರಡು ಫೈಲುಗಳಿಗೆ ಬೀಗ ಹಾಕಿಸಿದೆವು.

ಮೂರನೇ ಮಹಡಿಯ ಸ್ಲ್ಯಾಬ್ ಮಳೆಗಾಲಕ್ಕೆ ಮೊದಲೇ ಹಾಕಿಯಾಯಿತು. ನಾಲ್ಕನೆಯದರ ನಕ್ಷೆ ಹೊಸ ಫೈಲಿನಿಂದ ಹೋಯಿತು. ಓಖ್ಲಾದಿಂದ ಬಂದ ಕಂಬಗಳ ನಕ್ಷೆ ಸೊನ್ನೆಗೆ ಸೊನ್ನೆ ಬಂದು ಕೂತಾಗ ನಾನು ಸುಮಾರು ಹೊತ್ತು ಮೂಲೆಮೂಲೆಗೂ ಹೋಗಿ ಅಳೆದೆ. ಯಾರೂ ಎಳೆಯಬೇಕಾಗಲಿಲ್ಲ.

ಮಳೆಗಾಲದ ನಡುವೆ ಒಂದು ದಿನ ಕಾರ್ಯದರ್ಶಿ ಆಫೀಸಿಗೆ ಬಂದರು. ಸದಸ್ಯರ ಸಭೆಯಲ್ಲಿ ಹೆಂಗಸರೆಲ್ಲ ಒಂದೇ ಮಾತು ಹೇಳಿದ್ದರಂತೆ: ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ವಾಷಿಂಗ್ ಮೆಷೀನ್ ಇಡಲು ಜಾಗವೂ ನೀರು ಹೋಗಲು ಪೈಪೂ ಬೇಕು. ಎಲ್ಲ ಮಹಡಿಯಲ್ಲೂ ಬೇಕು. ಸ್ಲ್ಯಾಬ್ ಹಾಕಿಯಾಗಿದ್ದ ಕಡೆ ಪೈಪಿಗೊಂದು ಸಣ್ಣ ತೂತು ಕೊರೆಯಬಹುದಿತ್ತು, ಅದು ಎಲ್ಲಿ ಬರುತ್ತದೆ ಎಂಬುದರ ಮೇಲೆ ಎಲ್ಲ ನಿಂತಿತ್ತು. ಪೈಪು ಒಂಬತ್ತು ಮಹಡಿಯನ್ನೂ ಹಾದು ಹೋಗಬೇಕಾದ್ದರಿಂದ ಅದು ಭಾಯ್‌ಸಾಬರ ಫೈಲಿಗೆ ಸೇರಿದ್ದು. ನಾನು ಹೋಗಿ ಕೇಳಿಕೊಂಡೆ.

ಅವರು ಬಾಲ್ಕನಿಯ ಮೂಲೆಯಲ್ಲಿ ಒಂದು ಸಣ್ಣ ವೃತ್ತ ಬರೆದರು. ಆಮೇಲೆ, ಯಾರೂ ಹೇಳದೆ, ಓಖ್ಲಾದ ನಕ್ಷೆಯನ್ನು ಕೆಳಗೆ ಹಾಸಿ ನೋಡಿದರು. ವೃತ್ತದ ಅರ್ಧ ಬೀಮಿನ ಮೇಲಿತ್ತು.

“ಆ ಸೌತ್ ಇಂಡಿಯನ್ ಎಂಜಿನಿಯರ್ ಸಾಹೇಬರ ನಂಬರ್ ಕೊಡಿ,” ಎಂದರು.

ನಂಬರ್ ಕೊಟ್ಟೆ. ಇಬ್ಬರೂ ಹಿಂದೆಂದೂ ಒಬ್ಬರೊಡನೊಬ್ಬರು ಮಾತಾಡಿರಲಿಲ್ಲ. ತುಮಕೂರಿನ ಹಿಂದಿ ರಿಸೀವರಿನಿಂದ ಹೊರಗೂ ಕೇಳುತ್ತಿತ್ತು. ಬೀಮಿನಿಂದ ಎಷ್ಟು ದೂರ ಬಿಡಬೇಕು, ಬಾಲ್ಕನಿಯ ಇಳಿಜಾರು ಯಾವ ಕಡೆಗೆ ಎಂದು ಇಬ್ಬರೂ ಸಾಕಷ್ಟು ವಾದಿಸಿದರು. ಕೊನೆಗೆ ಭಾಯ್‌ಸಾಬ್, “ಚಲೋ, ನೂರೈವತ್ತು ಉತ್ತರಕ್ಕೆ. ನಿಮ್ಮ ಫೈಲಿನಲ್ಲೂ ಬರೆದುಕೊಳ್ಳಿ ಸಾಹೇಬರೇ,” ಎಂದು ಫೋನಿಟ್ಟರು. ವೃತ್ತವನ್ನು ಸರಿಸಿ, ಇನ್ನೊಮ್ಮೆ ಅಳೆದು, ಉಳಿಸಿದರು.

ಸ್ವಲ್ಪ ಹೊತ್ತಿಗೆ ನನ್ನ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಸೂಚನೆ ತೇಲಿ ಬಂತು: ನೀವು ನೋಡುತ್ತಿರುವ ಒಂದು ಫೈಲು ಬದಲಾಗಿದೆ. ಪಕ್ಕದ ಮೇಜಿನಲ್ಲಿ ಆರನೇ ಮಹಡಿ ತೆರೆದಿದ್ದವರೂ, ಅದರಾಚೆ ಪ್ಲಂಬಿಂಗ್ ನಕ್ಷೆ ಮಾಡುತ್ತಿದ್ದವರೂ ಒಬ್ಬೊಬ್ಬರಾಗಿ ತಲೆಯೆತ್ತಿದರು. ಎಲ್ಲರ ಪರದೆಯಲ್ಲೂ ಅದೇ ಸೂಚನೆ.

ಭಾಯ್‌ಸಾಬ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು ಕೋಣೆಯ ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

“ನಾನೇ ಬದಲಿಸಿದ್ದು,” ಎಂದರು. “ಎಲ್ಲರೂ ರೀಲೋಡ್ ಮಾಡಿಕೊಳ್ಳಿ.”